ಅಮ್ಮನ ಉಬ್ಬಸ ಜಾಸ್ತಿಯಾಯಿತು ಅಂದುಕೊಂಡೆವು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಡಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇರುವವರಿಗೆ ಇದು ಜಾಸ್ತಿಯಾ?

ತುಂಗಾತೀರ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ಅಮ್ಮನಿಗೆ 64 ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿ. ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೆ 40 ವರ್ಷ ಸೌದೆ ಒಲೆಯ ಮುಂದೆ ಕೂತು ಊದುಗೊಳವೆ ಊದಿದವರು. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆಯೂ ಸೇರುತ್ತಿತ್ತು. ಆರು ವರ್ಷದ ಹಿಂದೆ ಮೆಷಿನ್‌ನಲ್ಲಿ ಊದುವ ಪರೀಕ್ಷೆ ಮಾಡಿಸಿದಾಗ ಸಿಒಪಿಡಿ ಎಂದರು. ಇನ್ಹೇಲರ್ ತಪ್ಪಿಸುವುದಿಲ್ಲ. ಮಳೆಗಾಲದಲ್ಲಿ ಒಂದೆರಡು ಸಲ ಜಾಸ್ತಿಯಾಗುತ್ತದೆ, ನೆಬುಲೈಸರ್ ಇಟ್ಟರೆ ಇಳಿಯುತ್ತದೆ. ನಮಗೆಲ್ಲ ಅದು ಅಭ್ಯಾಸವಾಗಿಬಿಟ್ಟಿತ್ತು.

ಹೋದ ತಿಂಗಳು ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಮಾಮೂಲಿ ಉಬ್ಬಸ ಅಂದುಕೊಂಡೆವು. ಹತ್ತಿರದ ಕ್ಲಿನಿಕ್‌ನಲ್ಲಿ ನೆಬುಲೈಸರ್ ಇಟ್ಟರು. ಸ್ಟೀರಾಯ್ಡ್ ಮಾತ್ರೆ, ಆ್ಯಂಟಿಬಯಾಟಿಕ್ ಕೊಟ್ಟರು. ಇಳಿಯಲಿಲ್ಲ. ಮರುದಿನ ಮತ್ತೆ ಹೋದೆವು, ಮತ್ತೆ ಅದೇ ಔಷಧಿ. ಜ್ವರ ಇರಲಿಲ್ಲ, ಕಫ ಇರಲಿಲ್ಲ. ಮೂರನೇ ದಿನ ಅಂಗಳದಲ್ಲಿ ಕಣ್ಣಿಗೆ ಕತ್ತಲೆ ಬಂದು ಕುಸಿದರು. ಶಿವಮೊಗ್ಗ ಮುಟ್ಟುವಾಗ ಆಕ್ಸಿಜನ್ 81, ನಾಡಿ 128. ಅಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು, "ಗೊರಗೊರ ಶಬ್ದ ಅಷ್ಟಿಲ್ಲ, ಆದರೂ ಇಷ್ಟು ಉಸಿರು ಕಟ್ಟುತ್ತಿದೆಯಲ್ಲ" ಎಂದರು. ಆಮೇಲೆ ಬಣ್ಣ ಹಾಕಿ ತೆಗೆಯುವ ಸಿಟಿ ಸ್ಕ್ಯಾನ್ ಮಾಡಿಸಿದರು. ಎರಡೂ ಕಡೆಯ ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪು. ಪಲ್ಮನರಿ ಎಂಬಾಲಿಸಂ ಎಂಬ ಹೆಸರನ್ನು ನಾನು ಕೇಳಿದ್ದೇ ಅವತ್ತು.

ಈಗ ಮನೆಗೆ ಬಂದಿದ್ದಾರೆ. ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದೆ. ಆದರೆ ನನಗೆ ನಿದ್ದೆ ಬರುತ್ತಿಲ್ಲ. ಶ್ವಾಸಕೋಶದ ಹಳೇ ಕಾಯಿಲೆಗೂ ಈ ಹೆಪ್ಪಿಗೂ ಸಂಬಂಧ ಇದೆಯಾ? ಮೊದಲ ದಿನವೇ ನಾನು ಸ್ಕ್ಯಾನ್ ಮಾಡಿಸಿ ಎಂದು ಹಟ ಹಿಡಿಯಬೇಕಿತ್ತಾ?

ನಂಜನಗೂಡು ರಸಬಾಳೆ · ಭಾನುವಾರ ರಾತ್ರಿ 9:30

ಅಯ್ಯೋ, ಓದಿ ಎದೆ ಝಲ್ ಎಂದಿತು. ಅಮ್ಮ ಈಗ ಹೇಗಿದ್ದಾರೆ? ಊಟ ಮಾಡುತ್ತಿದ್ದಾರಾ?

ಮಂಡ್ಯದ ರಾಗಿಮುದ್ದೆ · ಭಾನುವಾರ ರಾತ್ರಿ 9:41

ಹಟ ಹಿಡಿಯಲೇಬೇಕಿತ್ತು. ನೋವು ಮಾಡಬೇಕೆಂದು ಹೇಳುತ್ತಿಲ್ಲ ತಂಗಿ. ನಮ್ಮ ಅಪ್ಪನಿಗೂ ಹೀಗೇ ಆಗಿತ್ತು. 30 ವರ್ಷ ಬೀಡಿ ಸೇದಿದವರು, ಉಬ್ಬಸ ಇತ್ತು. ನಾಲ್ಕು ದಿನ ವಾರ್ಡಿನಲ್ಲಿದ್ದರು. ನಾಲ್ಕು ದಿನವೂ ನೆಬುಲೈಸರ್. ಐದನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟರು, ಅಷ್ಟೇ. ಕ್ಲಾಟ್ ಇರಬಹುದು ಎಂಬ ಮಾತು ಅವರು ಹೋದ ಮೇಲೆ ಬಂತು. ಉಬ್ಬಸ ಎಂದು ಬಂದವರಿಗೆಲ್ಲ ಸ್ಕ್ಯಾನ್ ಮಾಡಲೇಬೇಕು ಎಂಬ ನಿಯಮ ಬರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಹುಬ್ಬಳ್ಳಿ ಎದೆ ಡಾಕ್ಟರ್ · ಭಾನುವಾರ ರಾತ್ರಿ 10:25

ತುಂಗಾತೀರ ಅವರೇ, ನಾನು ಶ್ವಾಸಕೋಶ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೊದಲು ಒಂದು ಪ್ರಶ್ನೆ. ಉಸಿರು ಕಟ್ಟುವ ಮೊದಲು ಅಮ್ಮ ಹಾಸಿಗೆ ಹಿಡಿದಿದ್ದರಾ? ಕಾಲಿಗೆ ಪೆಟ್ಟು, ಆಪರೇಷನ್, ದೂರ ಪ್ರಯಾಣ ಏನಾದರೂ? ಒಂದೇ ಕಾಲು ಊದಿತ್ತಾ?

ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಸಂಬಂಧ ಇದೆ. ಈ ಹೆಪ್ಪು ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಹುಟ್ಟುವುದಿಲ್ಲ. ಕಾಲಿನ ಒಳಗಿನ ದೊಡ್ಡ ರಕ್ತನಾಳದಲ್ಲಿ ಹುಟ್ಟಿ, ಬಿಡಿಸಿಕೊಂಡು, ಹೃದಯದ ಬಲಭಾಗ ದಾಟಿ ಶ್ವಾಸಕೋಶಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಶೋ ಈ ದಾರಿಯನ್ನು ತೋರಿಸಿದರು. ರಕ್ತ ನಿಧಾನವಾಗುವುದು, ನಾಳದ ಒಳಗೋಡೆಗೆ ಗಾಯ, ರಕ್ತವೇ ಬೇಗ ಹೆಪ್ಪುಗಟ್ಟುವಂತಾಗುವುದು. ಈ ಮೂರೇ ಕಾರಣ ಎಂದು ಇವತ್ತಿಗೂ ಪಾಠ ಮಾಡುತ್ತೇವೆ. ಸಿಒಪಿಡಿ ಇರುವವರಲ್ಲಿ ಮೂರೂ ಕೂಡಿಬರುತ್ತವೆ. ದಮ್ಮು ಹತ್ತುತ್ತದೆ ಎಂದು ಓಡಾಟ ಕಡಿಮೆ. ದೇಹದಲ್ಲಿ ಸದಾ ಸಣ್ಣ ಉರಿಯೂತ. ಆಕ್ಸಿಜನ್ ಕಡಿಮೆ ಇದ್ದು ಇದ್ದು ಕೆಲವರಲ್ಲಿ ಕೆಂಪು ರಕ್ತಕಣ ಜಾಸ್ತಿಯಾಗಿ ರಕ್ತ ಮಂದವಾಗುತ್ತದೆ. ಮೇಲಿಂದ ಮೇಲೆ ಸ್ಟೀರಾಯ್ಡ್ ಮಾತ್ರೆ ಬೇರೆ.

ತೊಂದರೆ ಇರುವುದು ಗುರುತಿಸುವುದರಲ್ಲಿ. ಎರಡರಲ್ಲೂ ಉಸಿರು ಕಟ್ಟುತ್ತದೆ, ಎರಡರಲ್ಲೂ ನಾಡಿ ಓಡುತ್ತದೆ, ಆಕ್ಸಿಜನ್ ಇಳಿಯುತ್ತದೆ. ಹಳೇ ಕಾಯಿಲೆ ಎದುರಿಗೇ ನಿಂತಿರುವಾಗ ಅದರ ಹಿಂದೆ ಇನ್ನೊಂದು ನಿಂತಿರುವುದು ಕಾಣುವುದಿಲ್ಲ. ನಿಮ್ಮ ತಪ್ಪು ಎಂದು ದಯವಿಟ್ಟು ಅಂದುಕೊಳ್ಳಬೇಡಿ.

ತುಂಗಾತೀರ · ಭಾನುವಾರ ರಾತ್ರಿ 10:48

ಡಾಕ್ಟರ್, ನಿಮ್ಮ ಪ್ರಶ್ನೆ ಓದಿ ಕೈ ನಡುಗಿತು. ಹೌದು. ಉಸಿರು ಕಟ್ಟುವುದಕ್ಕೆ ಮೂರು ವಾರ ಮೊದಲು ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಎಡಗಾಲಿನ ಹರಡು ಉಳುಕಿತ್ತು. ಮೂಳೆ ಮುರಿದಿರಲಿಲ್ಲ. ಬ್ಯಾಂಡೇಜ್ ಸುತ್ತಿ ಎರಡು ವಾರ ಮಲಗೇ ಇದ್ದರು. ಕಾಲು ಊದಿತ್ತು, ಮೀನಖಂಡ ಬಿಸಿಯಾಗಿತ್ತು. ಉಳುಕಿದ್ದಕ್ಕೇ ಹೀಗಾಗಿದೆ ಅಂದುಕೊಂಡೆವು. ಚಿಕ್ಕಮ್ಮ ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ಗಸಗಸ ತಿಕ್ಕುತ್ತಿದ್ದರು. ಕ್ಲಿನಿಕ್‌ನಲ್ಲಿ ಕಾಲಿನ ವಿಷಯ ನಾವು ಹೇಳಲೇ ಇಲ್ಲ. ಉಬ್ಬಸಕ್ಕೂ ಕಾಲಿಗೂ ಏನು ಸಂಬಂಧ ಎಂದು ನಮಗೆ ಹೊಳೆಯಲೇ ಇಲ್ಲ.

ಫಿಸಿಯೋ ಉಡುಪಿ · ಭಾನುವಾರ ರಾತ್ರಿ 11:05

ಈ ತಿಕ್ಕುವ ವಿಷಯ ಎಲ್ಲರೂ ಗಮನಿಸಿ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ಒತ್ತಿದರೆ ನೋವಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ಹೆಪ್ಪಿದ್ದರೆ ಕಿತ್ತು ಬರಬಹುದು. ಅಪರೂಪ, ಆದರೆ ಆಗಿದೆ. ಮೊದಲು ಕಾಲಿನ ಡಾಪ್ಲರ್ ಸ್ಕ್ಯಾನ್. ಅದಕ್ಕೆ ಸೂಜಿ ಇಲ್ಲ, ಬಣ್ಣ ಇಲ್ಲ, ವಿಕಿರಣ ಇಲ್ಲ. ಬಸುರಿಯರ ಸ್ಕ್ಯಾನಿಂಗ್ ಮಾಡುವ ತರಹದ್ದೇ ಮೆಷಿನ್.

ತುಂಗಾತೀರ, ಚಿಕ್ಕಮ್ಮನಿಗೆ ಏನೂ ಹೇಳಬೇಡಿ. ಅವರು ಪ್ರೀತಿಯಿಂದ ಮಾಡಿದ್ದು. ಅದರಿಂದಲೇ ಆಯಿತು ಎಂದು ಯಾರೂ ಹೇಳಲಾಗುವುದಿಲ್ಲ.

ರಿಟೈರ್ಡ್ ಕಂಡಕ್ಟರ್ · ಸೋಮವಾರ ಬೆಳಿಗ್ಗೆ 6:20

ನಾನು ಸಿಒಪಿಡಿ ಪೇಷಂಟು. 71 ವರ್ಷ. 34 ವರ್ಷ ಬಸ್ಸಿನಲ್ಲಿ ನಿಂತೇ ಕೆಲಸ ಮಾಡಿದವನು. ಆ ಡಾಕ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಂಥವರು ಆಸ್ಪತ್ರೆ ಬಾಗಿಲಿಗೆ ಹೋದರೆ ಸಾಕು, "ಓ ಉಬ್ಬಸದವರು ಬಂದರು" ಎಂದು ನೆಬುಲೈಸರ್ ಮಾಸ್ಕ್ ಕೈಗೆ ಬರುತ್ತದೆ. ಏನಾಯಿತು ಎಂದು ಕೇಳುವುದು ಆಮೇಲೆ.

ಆದರೆ ಪೇಷಂಟಿಗೆ ಒಂದು ಗೊತ್ತಿರುತ್ತದೆ. ಮಾಮೂಲಿ ದಮ್ಮು ಬರುವಾಗ ಎರಡು ದಿನ ಮೊದಲೇ ಸೂಚನೆ ಸಿಗುತ್ತದೆ. ಗಂಟಲು ಕೆರೆಯುತ್ತದೆ, ಕಫ ಗಟ್ಟಿಯಾಗಿ ಹಳದಿಯಾಗುತ್ತದೆ, ರಾತ್ರಿ ಕೆಮ್ಮು. ಎರಡು ವರ್ಷದ ಹಿಂದೆ ನನಗೆ ಕ್ಲಾಟ್ ಆದಾಗ ಇದ್ಯಾವುದೂ ಇರಲಿಲ್ಲ. ಚಹಾ ಕುಡಿಯುತ್ತಾ ಕೂತಿದ್ದೆ. ಇದ್ದಕ್ಕಿದ್ದ ಹಾಗೆ ಬೆನ್ನಿನ ಬಲಗಡೆ ಚಾಕು ಹಾಕಿದ ಹಾಗೆ ಚುಚ್ಚಿತು. ಉಸಿರು ಎಳೆದಾಗಲೆಲ್ಲ ಚುಚ್ಚು. ಪಂಪ್ ನಾಲ್ಕು ಸಲ ಹೊಡೆದುಕೊಂಡೆ, ಏನೂ ಆಗಲಿಲ್ಲ. ಮಗನಿಗೆ ಹೇಳಿದೆ, ಇದು ನನ್ನ ದಮ್ಮಲ್ಲ ಕಣೋ, ಬೇರೆ ಏನೋ ಎಂದು. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದೆ. ಆ ಮಾತು ಕೇಳಿ ಡಾಕ್ಟರ್ ನಿಂತು ಯೋಚನೆ ಮಾಡಿದರು. ಅದರಿಂದ ನಾನು ಇವತ್ತು ಬರೆಯುತ್ತಿದ್ದೇನೆ.

ಹುಬ್ಬಳ್ಳಿ ಎದೆ ಡಾಕ್ಟರ್ · ಸೋಮವಾರ ಬೆಳಿಗ್ಗೆ 7:02

ಕಂಡಕ್ಟರ್ ಸರ್, ನಿಮ್ಮ ಈ ಮಾತನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳುತ್ತೇನೆ. ಶೀತ, ಜ್ವರ, ಕಫದ ಬದಲಾವಣೆ ಯಾವುದೂ ಇಲ್ಲದೆ ದಮ್ಮು ಏಕಾಏಕಿ ಜಾಸ್ತಿಯಾಯಿತು ಎಂದರೆ ನಾವು ಎಚ್ಚರಾಗಬೇಕು. ಉಸಿರು ಎಳೆದಾಗ ಚುಚ್ಚುವ ನೋವು, ತಲೆ ತಿರುಗಿ ಬೀಳುವುದು, ಕಫದಲ್ಲಿ ರಕ್ತ, ಬಿಪಿ ಇಳಿಯುವುದು ಇದ್ದರಂತೂ ತಡ ಮಾಡಬಾರದು. ರಕ್ತದ ಗ್ಯಾಸ್ ಪರೀಕ್ಷೆಯಲ್ಲೂ ಒಂದು ಸುಳಿವಿದೆ. ಸಿಒಪಿಡಿ ಕೆರಳಿದಾಗ ಇಂಗಾಲದ ಡೈಆಕ್ಸೈಡ್ ಮಾಮೂಲಿಗಿಂತ ಏರುವುದೇ ಹೆಚ್ಚು. ಅದು ಇಳಿದಿದ್ದರೆ ಯಾಕೆ ಎಂದು ಕೇಳಬೇಕು.

ಮಂಡ್ಯದ ರಾಗಿಮುದ್ದೆ · ಸೋಮವಾರ ಬೆಳಿಗ್ಗೆ 8:15

ಡಾಕ್ಟ್ರೇ, ಇಷ್ಟೆಲ್ಲ ಗೊತ್ತಿದ್ದ ಮೇಲೆ ಎಲ್ಲರಿಗೂ ಸ್ಕ್ಯಾನ್ ಮಾಡಿದರೆ ಏನು ನಷ್ಟ? ದುಡ್ಡು ತಾನೇ? ಜೀವಕ್ಕಿಂತ ದೊಡ್ಡದಾ?

ಹುಬ್ಬಳ್ಳಿ ಎದೆ ಡಾಕ್ಟರ್ · ಸೋಮವಾರ ಮಧ್ಯಾಹ್ನ 1:40

ನಿಮ್ಮ ನೋವು ಅರ್ಥವಾಗುತ್ತದೆ. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆಯನ್ನು ವೈದ್ಯರೂ ವರ್ಷಗಟ್ಟಲೆ ಕೇಳಿಕೊಂಡಿದ್ದಾರೆ. 2006ರಲ್ಲಿ ಫ್ರಾನ್ಸಿನ ಒಂದು ಅಧ್ಯಯನ ಬಂತು. ಕಾರಣ ಗೊತ್ತಾಗದೆ ಸಿಒಪಿಡಿ ತೀವ್ರವಾಗಿ ಕೆರಳಿದ 197 ಜನರನ್ನು ನೋಡಿದರು. ನಾಲ್ಕರಲ್ಲಿ ಒಬ್ಬರಿಗೆ ಹೆಪ್ಪು ಇತ್ತು. ಎಲ್ಲರೂ ಬೆಚ್ಚಿಬಿದ್ದರು. ಆದರೆ "ಕಾರಣ ಗೊತ್ತಾಗದೆ" ಎಂಬುದನ್ನು ಗಮನಿಸಿ. ಆಮೇಲೆ ಫ್ರಾನ್ಸಿನಲ್ಲೇ ಇನ್ನೊಂದು ದೊಡ್ಡ ಅಧ್ಯಯನ, 2021ರಲ್ಲಿ ಪ್ರಕಟವಾಯಿತು. ಉಸಿರಾಟದ ತೊಂದರೆ ಏಕಾಏಕಿ ಹೆಚ್ಚಾಗಿ ದಾಖಲಾದ 740 ಸಿಒಪಿಡಿ ರೋಗಿಗಳು. ಎಲ್ಲರನ್ನೂ ಒಂದೇ ಕ್ರಮದಲ್ಲಿ ಪರೀಕ್ಷಿಸಿದಾಗ 44 ಜನರಿಗೆ, ಅಂದರೆ ಸುಮಾರು ನೂರರಲ್ಲಿ ಆರು ಜನರಿಗೆ ಹೆಪ್ಪು. ಅದೇ ವರ್ಷ ಸ್ಪೇನ್‌ನಲ್ಲಿ 746 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಎಲ್ಲರಿಗೂ ಹೆಪ್ಪಿನ ಹುಡುಕಾಟ, ಇನ್ನೊಂದರಲ್ಲಿ ಎಂದಿನ ಚಿಕಿತ್ಸೆ. ಮೂರು ತಿಂಗಳ ನಂತರ ಎರಡೂ ಗುಂಪಿನ ಫಲಿತಾಂಶ ಹೆಚ್ಚುಕಡಿಮೆ ಒಂದೇ.

ಸ್ಕ್ಯಾನ್ ಎಂದರೆ ದುಡ್ಡು ಮಾತ್ರ ಅಲ್ಲ. ಆ ಬಣ್ಣ ಮೂತ್ರಪಿಂಡದ ಮೇಲೆ ಭಾರ ಹಾಕಬಹುದು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋಡಿಕೊಂಡು ಮಾಡಬೇಕು. ಎಲ್ಲೋ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಹೆಪ್ಪು ಕಂಡರೆ ರಕ್ತ ತೆಳು ಮಾಡುವ ಮಾತ್ರೆ ಶುರುವಾಗುತ್ತದೆ. ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ಬಂದವರನ್ನೂ ನಾನು ನೋಡಿದ್ದೇನೆ. ಆದ್ದರಿಂದ ಎಲ್ಲರಿಗೂ ಸ್ಕ್ಯಾನ್ ಬೇಡ ಎನ್ನುತ್ತೇನೆ. ಆದರೆ ಎಲ್ಲರ ವಿಷಯದಲ್ಲೂ "ಹೆಪ್ಪು ಇರಬಹುದಾ?" ಎಂಬ ಪ್ರಶ್ನೆ ಒಂದು ಸಲ ಮನಸ್ಸಿಗೆ ಬರಲೇಬೇಕು. ತುಂಗಾತೀರ ಅವರ ತಾಯಿಯ ಕಾಲನ್ನು ಸೀರೆ ಸರಿಸಿ ನೋಡಿದ್ದರೆ ಸಾಕಿತ್ತು.

ಮಂಡ್ಯದ ರಾಗಿಮುದ್ದೆ · ಸೋಮವಾರ ಮಧ್ಯಾಹ್ನ 2:10

ನೂರರಲ್ಲಿ ಆರು ಎಂದರೆ ಕಡಿಮೆ ಅಂತಲಾ? ನಮ್ಮಪ್ಪ ಆ ಆರರಲ್ಲಿ ಒಬ್ಬರು.

ಹುಬ್ಬಳ್ಳಿ ಎದೆ ಡಾಕ್ಟರ್ · ಸೋಮವಾರ ಮಧ್ಯಾಹ್ನ 2:16

ಕಡಿಮೆ ಅಲ್ಲ ಅಣ್ಣ. ಖಂಡಿತ ಕಡಿಮೆ ಅಲ್ಲ.

ಲ್ಯಾಬ್ ಹುಡುಗ · ಸೋಮವಾರ ಸಂಜೆ 6:33

ಸ್ಕ್ಯಾನಿಗೆ ಮೊದಲು ಡಿ-ಡೈಮರ್ ರಕ್ತ ಪರೀಕ್ಷೆ ಇದೆಯಲ್ಲ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಹೆಪ್ಪು ಕರಗುವಾಗ ಬರುವ ಚೂರುಗಳನ್ನು ಅದು ಅಳೆಯುತ್ತದೆ. ಅನುಮಾನ ಕಡಿಮೆ ಇದ್ದು ಇದೂ ನಾರ್ಮಲ್ ಬಂದರೆ ಸ್ಕ್ಯಾನ್ ಬೇಡ. ಜಾಸ್ತಿ ಬಂದ ಮಾತ್ರಕ್ಕೆ ಹೆಪ್ಪು ಇದೆ ಅಂತಲ್ಲ. ಸೋಂಕು, ಗಾಯ, ವಯಸ್ಸು, ಬಸಿರು, ಎಲ್ಲದರಲ್ಲೂ ಏರುತ್ತದೆ.

ಇನ್ನೊಂದು. ರಿಪೋರ್ಟಿನಲ್ಲಿ 500 ಎಂಬ ಗಡಿ ಹಾಕಿರುತ್ತಾರೆ. 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ನೋಡುವ ಪದ್ಧತಿ ಇದೆ. ಅಂದರೆ 64 ವರ್ಷದವರಿಗೆ 640. ಆದರೆ ಈ ಲೆಕ್ಕ ಎಫ್‌ಇಯು ಎಂಬ ಅಳತೆಗೆ ಮಾತ್ರ. ಕೆಲವು ಲ್ಯಾಬ್‌ಗಳು ಡಿಡಿಯು ಎಂಬ ಅಳತೆಯಲ್ಲಿ ಕೊಡುತ್ತವೆ, ಅದರಲ್ಲಿ ಸಂಖ್ಯೆ ಸುಮಾರು ಅರ್ಧ ಇರುತ್ತದೆ. ಎರಡು ಲ್ಯಾಬಿನ ರಿಪೋರ್ಟು ಪಕ್ಕಪಕ್ಕ ಇಟ್ಟು ಇಳಿದಿದೆ, ಏರಿದೆ ಎಂದು ಗಾಬರಿ ಆಗುವವರು ದಿನಾ ನಮ್ಮ ಕೌಂಟರಿಗೆ ಬರುತ್ತಾರೆ. ದಯವಿಟ್ಟು ಅಳತೆ ಯಾವುದು ನೋಡಿ.

ತುಂಗಾತೀರ · ಸೋಮವಾರ ಸಂಜೆ 7:01

ಅಮ್ಮನದು 4,200 ಇತ್ತು. ಪಕ್ಕದಲ್ಲಿ ಎಫ್‌ಇಯು ಎಂದೇ ಇದೆ. ರಿಪೋರ್ಟಿನ ಫೋಟೋ ಹಾಕಲಾ?

ವೇದಿಕೆ ನಿರ್ವಾಹಕ · ಸೋಮವಾರ ಸಂಜೆ 7:08

ಹೆಸರು, ಆಸ್ಪತ್ರೆ, ನಂಬರ್ ಇರುವ ರಿಪೋರ್ಟ್ ಹಾಕಬೇಡಿ. ಸಂಖ್ಯೆ ಬರೆದರೆ ಸಾಕು.

ಬಯಲುಸೀಮೆ ರೈತ · ಸೋಮವಾರ ರಾತ್ರಿ 8:20

ಇಂಗ್ಲಿಷ್ ಮಾತ್ರೆ ಎಷ್ಟು ದಿನ ನುಂಗುತ್ತೀರಿ? ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಎಸಳು ಬೆಳ್ಳುಳ್ಳಿ, ಒಂದು ಚೂರು ಶುಂಠಿ ಜಗಿದರೆ ರಕ್ತ ತಾನಾಗಿಯೇ ತೆಳುವಾಗುತ್ತದೆ. ನಮ್ಮ ತಾತ 92 ವರ್ಷ ಬದುಕಿದ್ದರು.

ಡಬ್ಲಿನ್ ಕನ್ನಡತಿ · ಸೋಮವಾರ ರಾತ್ರಿ 8:44

ಅಣ್ಣ, ತಾತನ ಆಯಸ್ಸು ದೊಡ್ಡದಿತ್ತು, ಸಂತೋಷ. ಆದರೆ ಈ ಸಲಹೆ ತುಂಬಾ ಅಪಾಯ. ನಾನು ಇಲ್ಲಿ ನರ್ಸ್, ಮೂಲ ಹಾಸನ. ಶ್ವಾಸಕೋಶದಲ್ಲಿ ಹೆಪ್ಪಾದವರು ಮಾತ್ರೆ ಬಿಟ್ಟು ಬೆಳ್ಳುಳ್ಳಿ ನಂಬಿದರೆ ಮತ್ತೊಂದು ಹೆಪ್ಪು ಬರಬಹುದು, ಅದು ಜೀವ ತೆಗೆಯಬಹುದು. ಮಾತ್ರೆಯ ಜೊತೆ ಬೆಳ್ಳುಳ್ಳಿಯನ್ನು ಔಷಧಿ ತರಹ ಜಾಸ್ತಿ ತಿಂದರೆ ರಕ್ತಸ್ರಾವದ ಭಯ. ಒಗ್ಗರಣೆಗೆ ಹಾಕುವ ಬೆಳ್ಳುಳ್ಳಿಗೆ ಏನೂ ಇಲ್ಲ, ಅದು ತಿನ್ನಿ.

ಹಾಗೇ ಸೊಂಟನೋವು, ಮಂಡಿನೋವು ಎಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುವುದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಬೇಡವೇ ಬೇಡ. ಹೊಟ್ಟೆಯಲ್ಲಿ ರಕ್ತ ಬರುತ್ತದೆ. ಮಲ ಡಾಂಬರಿನ ಹಾಗೆ ಕಪ್ಪಾದರೆ ತಕ್ಷಣ ಆಸ್ಪತ್ರೆ.

ಬಯಲುಸೀಮೆ ರೈತ · ಸೋಮವಾರ ರಾತ್ರಿ 9:03

ನೀವು ಹೇಳಿದ್ದು ಸರಿ ಇರಬಹುದು ತಾಯಿ. ಮಾತ್ರೆ ಬಿಡಿ ಎಂದು ನಾನು ಹೇಳಲಿಲ್ಲ. ಹಾಗೆ ಅರ್ಥ ಬಂದಿದ್ದರೆ ತಪ್ಪಾಯಿತು. ಇನ್ನು ಮೇಲೆ ನೋಡಿ ಬರೆಯುತ್ತೇನೆ.

ನಂಜನಗೂಡು ರಸಬಾಳೆ · ಸೋಮವಾರ ರಾತ್ರಿ 9:15

ನಮ್ಮ ಯಜಮಾನರಿಗೆ ಹೃದಯದ ಕವಾಟ ಹಾಕಿದೆ. ಹನ್ನೊಂದು ವರ್ಷದಿಂದ ಅಸಿಟ್ರೋಮ್ ಎಂಬ ರಕ್ತ ತೆಳು ಮಾಡುವ ಹಳೇ ಮಾತ್ರೆ ತೆಗೆದುಕೊಳ್ಳುತ್ತಾರೆ. ಸೊಪ್ಪು ತಿನ್ನಬೇಡಿ ಎಂದು ಯಾರೋ ಹೇಳಿದ್ದಕ್ಕೆ ಎರಡು ವರ್ಷ ಮನೆಗೆ ಸೊಪ್ಪೇ ತರಲಿಲ್ಲ. ಬಸ್ಸಾರು ಇಲ್ಲ, ಮಸ್ಸೊಪ್ಪು ಇಲ್ಲ, ನುಗ್ಗೆಸೊಪ್ಪಿನ ಪಲ್ಯ ಇಲ್ಲ. ಅವರಿಗೆ ಊಟವೇ ಸೇರುತ್ತಿರಲಿಲ್ಲ. ಆಮೇಲೆ ಒಬ್ಬರು ಡಾಕ್ಟರಮ್ಮ ಬಿಡಿಸಿ ಹೇಳಿದರು. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಬಿಡಬೇಕಿಲ್ಲ. ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಮಾತ್ರೆಯ ಡೋಸನ್ನು ಅದಕ್ಕೆ ಹೊಂದಿಸುತ್ತಾರೆ. ಒಂದು ವಾರ ಏನೂ ಇಲ್ಲ, ಇನ್ನೊಂದು ವಾರ ದಿನಾ ಸೊಪ್ಪು, ಹೀಗೆ ಮಾಡಿದರೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಸಂಖ್ಯೆ) ಏರುಪೇರಾಗುತ್ತದೆ. ಈಗ ವಾರಕ್ಕೆ ಮೂರು ದಿನ ಸೊಪ್ಪಿನ ಸಾರು ಖಾಯಂ.

ಹೊಸ ಮಾತ್ರೆಗಳಿಗೆ ಈ ಪತ್ಯ ಇಲ್ಲವಂತೆ. ತುಂಗಾತೀರ, ನಿಮ್ಮ ಅಮ್ಮನದು ಯಾವ ಮಾತ್ರೆ?

ತುಂಗಾತೀರ · ಸೋಮವಾರ ರಾತ್ರಿ 9:22

ರಿವರಾಕ್ಸಾಬಾನ್. ಮೊದಲ 21 ದಿನ 15 ಮಿಲಿಗ್ರಾಂ ದಿನಕ್ಕೆ ಎರಡು, ಈಗ 20 ಮಿಲಿಗ್ರಾಂ, ದಿನಕ್ಕೆ ಒಂದು. ಸೊಪ್ಪು ತಿನ್ನಬಹುದು ಎಂದಿದ್ದಾರೆ.

ಕೋಲಾರದ ಮಣ್ಣು · ಸೋಮವಾರ ರಾತ್ರಿ 10:40

ನಮ್ಮ ಕಥೆಯನ್ನೂ ಹೇಳುತ್ತೇನೆ. ಅಪ್ಪ ಕೆಜಿಎಫ್ ಗಣಿಯಲ್ಲಿ ಭೂಮಿಯೊಳಗೆ ಕೆಲಸ ಮಾಡಿದವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ದೂಳು ಮಾತ್ರ ಎದೆಯಲ್ಲಿ ಉಳಿಯಿತು. ಸಿಲಿಕೋಸಿಸ್. ಅದಿರುವವರಿಗೆ ಟಿಬಿ ಬೇಗ ಹತ್ತುತ್ತದೆ, ಅಪ್ಪನಿಗೂ ಹತ್ತಿತು. ಟಿಬಿ ಮಾತ್ರೆ ನಡೆಯುತ್ತಿರುವಾಗ ಕಾಲಿನಲ್ಲಿ ಹೆಪ್ಪು, ಆಮೇಲೆ ಶ್ವಾಸಕೋಶದಲ್ಲಿ. ಒಂದು ಕಡೆ ರಕ್ತ ತೆಳು ಮಾಡುವ ಹೊಸ ಮಾತ್ರೆ ಬರೆದುಕೊಟ್ಟರು. ಟಿಬಿ ಮಾತ್ರೆಯ ವಿಷಯ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಇನ್ನೊಬ್ಬ ವೈದ್ಯರು ಚೀಟಿ ನೋಡಿ ತಲೆ ಹಿಡಿದುಕೊಂಡರು. ಟಿಬಿಯ ರಿಫಾಂಪಿಸಿನ್ ಇದ್ದರೆ ಆ ಮಾತ್ರೆಯ ಶಕ್ತಿ ತುಂಬಾ ಕಡಿಮೆಯಾಗಿಬಿಡುತ್ತದಂತೆ. ಕೊನೆಗೆ ಹೊಟ್ಟೆಯ ಚರ್ಮಕ್ಕೆ ಕೊಡುವ ಹೆಪಾರಿನ್ ಇಂಜೆಕ್ಷನ್‌ನಲ್ಲೇ ತಿಂಗಳುಗಟ್ಟಲೆ ನಡೆಸಿದರು. ಅವ್ವನೇ ಕಲಿತು ಚುಚ್ಚುತ್ತಿದ್ದಳು.

ಯಾವ ಡಾಕ್ಟರ್ ಹತ್ತಿರ ಹೋದರೂ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾವು ಕಲಿತದ್ದು ಇಷ್ಟು.

ಹುಬ್ಬಳ್ಳಿ ಎದೆ ಡಾಕ್ಟರ್ · ಸೋಮವಾರ ರಾತ್ರಿ 11:02

ಇದು ಬಹಳ ಮುಖ್ಯವಾದ ಮಾತು. ನಮ್ಮ ದೇಶದಲ್ಲಿ ಟಿಬಿ ಇಷ್ಟಿರುವಾಗ ಈ ಎಚ್ಚರ ಎಲ್ಲರಿಗೂ ಬೇಕು. ರಿಫಾಂಪಿಸಿನ್ ರಕ್ತ ತೆಳು ಮಾಡುವ ಹಳೇ ಮಾತ್ರೆ ವಾರ್ಫರಿನ್ ಶಕ್ತಿಯನ್ನೂ ಇಳಿಸುತ್ತದೆ, ಐಎನ್‌ಆರ್ ಹಿಡಿತಕ್ಕೆ ಬರುವುದು ಕಷ್ಟ.

ದೊಡ್ಡಬಳ್ಳಾಪುರ ಮಗ್ಗ · ಮಂಗಳವಾರ ಬೆಳಿಗ್ಗೆ 9:10

ವಾರ್ಫರಿನ್ ಎಂದರೆ ಇಲಿ ಪಾಷಾಣ ಅಂತ ಪಕ್ಕದ ಮನೆಯವರು ಹೇಳಿ, ನಮ್ಮ ಮಾವ ಮಾತ್ರೆ ನಿಲ್ಲಿಸಿ ಕೂತಿದ್ದಾರೆ. ನಿಜಾನಾ?

ಲ್ಯಾಬ್ ಹುಡುಗ · ಮಂಗಳವಾರ ಬೆಳಿಗ್ಗೆ 9:35

ಅರ್ಧ ನಿಜ. 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ಕೆಟ್ಟುಹೋದ ಒಂದು ಜಾತಿಯ ಹುಲ್ಲು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್‌ನಲ್ಲಿ ಆ ಹುಲ್ಲಿನ ವಸ್ತುವನ್ನು ಬೇರ್ಪಡಿಸಿದರು. ಅದರ ಜಾಡಿನಲ್ಲಿ ವಾರ್ಫರಿನ್ ಬಂತು. 1948ರಲ್ಲಿ ಇಲಿ ಔಷಧಿಯಾಗಿ ಮಾರುಕಟ್ಟೆಗೆ ಬಂದದ್ದು ಹೌದು. 1950ರ ದಶಕದಿಂದ ಮನುಷ್ಯರಿಗೆ ಅಳತೆ ಮಾಡಿ ಕೊಡುತ್ತಿದ್ದಾರೆ. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರಿಗೂ ಕೊಟ್ಟಿದ್ದರು. ಡೋಸ್ ಸರಿ ಇದೆಯೋ ನೋಡಲೆಂದೇ ಐಎನ್‌ಆರ್ ಪರೀಕ್ಷೆ ಇರುವುದು. ಕಾಲಿನ, ಶ್ವಾಸಕೋಶದ ಹೆಪ್ಪಿಗೆ ಅದು 2 ಮತ್ತು 3ರ ನಡುವೆ ಇರಬೇಕು. ಮಾವನನ್ನು ಇವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನಾಳೆ ಎನ್ನಬೇಡಿ.

ದೊಡ್ಡಬಳ್ಳಾಪುರ ಮಗ್ಗ · ಮಂಗಳವಾರ ಬೆಳಿಗ್ಗೆ 9:41

ಈಗಲೇ ಹೊರಟೆವು. ಧನ್ಯವಾದ.

ಹೆಬ್ಬಾಳ ಟೆಕ್ಕಿ · ಮಂಗಳವಾರ ಬೆಳಿಗ್ಗೆ 11:15

ಇಕೋಸ್ಪ್ರಿನ್ ಸಾಲದಾ? ನಮ್ಮ ಅತ್ತೆ ಅದನ್ನೇ ರಕ್ತ ತೆಳು ಮಾಡುವ ಮಾತ್ರೆ ಅನ್ನುತ್ತಾರೆ.

ಡಬ್ಲಿನ್ ಕನ್ನಡತಿ · ಮಂಗಳವಾರ ಮಧ್ಯಾಹ್ನ 1:05

ಸಾಲದು. ಅದು ಆಸ್ಪಿರಿನ್, ಕೆಲಸವೇ ಬೇರೆ. ಶ್ವಾಸಕೋಶದ ಹೆಪ್ಪಿನ ಚಿಕಿತ್ಸೆಗೆ ಅದನ್ನು ಬದಲಿ ಕೊಡುವಂತಿಲ್ಲ. ಎರಡೂ ಇದ್ದರೆ ಯಾವುದು ಇರಬೇಕು, ಯಾವುದು ಬಿಡಬೇಕು ಎಂದು ಡಾಕ್ಟರೇ ಹೇಳಬೇಕು.

ರಿಟೈರ್ಡ್ ಕಂಡಕ್ಟರ್ · ಮಂಗಳವಾರ ಸಂಜೆ 5:50

ಪ್ರಯಾಣದ ಮಾತು ಯಾರೂ ಎತ್ತಲಿಲ್ಲ. ನನ್ನ ಅನುಭವದಲ್ಲಿ ರಾತ್ರಿ ಬಸ್ಸಿನಲ್ಲಿ ವಯಸ್ಸಾದವರು ಕಾಲು ಇಳಿಬಿಟ್ಟು, ಬಾತ್‌ರೂಮಿಗೆ ಇಳಿಯಬೇಕಾಗುತ್ತದೆ ಎಂದು ನೀರೂ ಕುಡಿಯದೆ ಎಂಟು ಗಂಟೆ ಕೂರುತ್ತಾರೆ. ಇಳಿಯುವಾಗ ಚಪ್ಪಲಿ ಕಾಲಿಗೆ ಹತ್ತುವುದಿಲ್ಲ. ಅಷ್ಟು ಊದಿರುತ್ತದೆ. ಅವರನ್ನು ಕೈಹಿಡಿದು ಇಳಿಸುವಾಗ ನನಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದರೆ ಊಟಕ್ಕೆ ನಿಲ್ಲಿಸಿದಾಗ "ಅಜ್ಜಿ, ಇಳಿದು ಒಂದು ಸುತ್ತು ನಡೆಯಿರಿ" ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದೆ.

ಫಿಸಿಯೋ ಉಡುಪಿ · ಮಂಗಳವಾರ ಸಂಜೆ 6:25

ಎಷ್ಟು ಒಳ್ಳೆಯ ಮಾತು ಸರ್. ನಾಲ್ಕು ಗಂಟೆಗಿಂತ ಹೆಚ್ಚು ಕೂತು ಪ್ರಯಾಣ ಮಾಡಿದರೆ ಹೆಪ್ಪಿನ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಬಸ್ಸು, ರೈಲು, ವಿಮಾನ ಯಾವುದಾದರೂ ಸರಿ. ಆರೋಗ್ಯವಂತರಿಗೆ ಆಗಲೂ ಅದು ಅಪರೂಪವೇ. ಶ್ವಾಸಕೋಶದ ಕಾಯಿಲೆ ಇರುವವರು ಮಾತ್ರ ಹುಷಾರಾಗಿರಬೇಕು.

ಮೀನಖಂಡ ಎಂದರೆ ಕಾಲಿನ ಪಂಪು. ಅದು ಹಿಂಡಿದರೆ ರಕ್ತ ಮೇಲಕ್ಕೆ ಹತ್ತುತ್ತದೆ. ಕೂತಲ್ಲೇ ಹಿಮ್ಮಡಿ ಊರಿ ಬೆರಳೆತ್ತಿ, ಬೆರಳೂರಿ ಹಿಮ್ಮಡಿ ಎತ್ತಿ. ಗಂಟೆಗೊಮ್ಮೆ ಇಪ್ಪತ್ತು ಸಲ. ಹೊಲಿಗೆ ಮೆಷಿನ್ ತುಳಿದ ಹಾಗೆ ಎಂದರೆ ನಮ್ಮ ಅಜ್ಜಿಯರಿಗೆ ಥಟ್ಟನೆ ಗೊತ್ತಾಗುತ್ತದೆ. ದಮ್ಮಿನಿಂದ ಮಲಗಿರುವವರೂ ಮಲಗಿದ್ದಲ್ಲೇ ಪಾದ ಆಡಿಸಬಹುದು.

ಹೆಬ್ಬಾಳ ಟೆಕ್ಕಿ · ಮಂಗಳವಾರ ರಾತ್ರಿ 8:30

ಸೌದೆ ಒಲೆ ವಿಷಯಕ್ಕೆ ಬರುತ್ತೇನೆ. ನಮ್ಮೂರಲ್ಲಿ ಉಜ್ವಲಾ ಗ್ಯಾಸ್ ಬಂದು ವರ್ಷಗಳಾದವು. ಆದರೂ ಅಜ್ಜಿ ಸ್ನಾನದ ನೀರಿಗೆ, ರೊಟ್ಟಿಗೆ ಒಲೆಯನ್ನೇ ಹಚ್ಚುತ್ತಾರೆ. ಸಿಲಿಂಡರ್ ಬೇಗ ಖಾಲಿಯಾಗುತ್ತದೆ ಎಂಬ ಹೆದರಿಕೆ.

ಹುಬ್ಬಳ್ಳಿ ಎದೆ ಡಾಕ್ಟರ್ · ಮಂಗಳವಾರ ರಾತ್ರಿ 9:12

2016ರ ಅಂದಾಜಿನಂತೆ ನಮ್ಮ ದೇಶದಲ್ಲಿ ಸಿಒಪಿಡಿ ಇರುವವರು ಸುಮಾರು 5.5 ಕೋಟಿ. ಸಿಗರೇಟು ಸೇದದ ಹೆಂಗಸರು ಅದರಲ್ಲಿ ಬಹಳಷ್ಟು. ಅವರನ್ನು ನೋಡಿ "ನಿಮಗೆ ಚಟ ಇಲ್ಲವಲ್ಲ, ವಯಸ್ಸಾಯಿತು ಅಷ್ಟೇ" ಎಂದು ಮನೆಯವರು ಸುಮ್ಮನಾಗುತ್ತಾರೆ. ಬಚ್ಚಲ ಒಲೆಗೆ ಚಿಮಣಿ, ಅಡುಗೆಮನೆಗೆ ಕಿಟಕಿ. ಅಷ್ಟಾದರೂ ಮಾಡಿಸಿ.

ತುಂಗಾತೀರ ಅವರೇ, ಇನ್ನು ಮುಂದಿನ ಮಾತು. ಮಾತ್ರೆ ಕನಿಷ್ಠ ಮೂರು ತಿಂಗಳು. ಆಮೇಲೆ ಮುಂದುವರಿಸಬೇಕಾ ಎಂಬುದನ್ನು ಹೆಪ್ಪು ಯಾಕೆ ಬಂತು ಎಂಬುದರ ಮೇಲೆ ನಿರ್ಧರಿಸುತ್ತಾರೆ. ಕಾಲು ಉಳುಕಿ ಮಲಗಿದ್ದು ಕಾರಣವಾದರೆ ನಿಲ್ಲಿಸುವ ಸಾಧ್ಯತೆ ಇದೆ, ಆದರೆ ಸಿಒಪಿಡಿ ಇರುವುದರಿಂದ ಯೋಚಿಸಿ ಹೇಳುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಮೂರು ತಿಂಗಳಾದ ಮೇಲೂ ನಡೆಯುವಾಗ ಮೊದಲಿಗಿಂತ ಜಾಸ್ತಿ ದಮ್ಮು ಇದ್ದರೆ "ಸಿಒಪಿಡಿ ಅಲ್ವಾ" ಎಂದು ಮತ್ತೆ ಅದೇ ತಪ್ಪು ಮಾಡುವುದು ಬೇಡ. ಹೃದಯದ ಎಕೋ ಮಾಡಿಸಿ. ಕೆಲವರಲ್ಲಿ ಹೆಪ್ಪು ಕರಗದೆ ಗಾಯದ ಕಲೆಯ ಹಾಗೆ ಗಟ್ಟಿಯಾಗಿ ಹೃದಯದ ಬಲಭಾಗಕ್ಕೆ ಒತ್ತಡ ಬರುತ್ತದೆ. ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೇ ಮಾಡುತ್ತಾರೆ. ಎಲ್ಲರಿಗೂ ಬೇಕಾಗುವುದಿಲ್ಲ, ಹೆದರಬೇಡಿ.

ರಿಟೈರ್ಡ್ ಕಂಡಕ್ಟರ್ · ಮಂಗಳವಾರ ರಾತ್ರಿ 9:30

ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇದ್ದರೆ ಎಷ್ಟಕ್ಕೆ ಇಡಬೇಕು ಡಾಕ್ಟ್ರೇ? ನಾನು 98 ಬರಲಿ ಎಂದು 5 ಲೀಟರಿಗೆ ತಿರುಗಿಸುತ್ತೇನೆ.

ಹುಬ್ಬಳ್ಳಿ ಎದೆ ಡಾಕ್ಟರ್ · ಮಂಗಳವಾರ ರಾತ್ರಿ 9:34

ಬೇಡ ಸರ್! ಸಿಒಪಿಡಿ ಇರುವವರಿಗೆ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು. ಜಾಸ್ತಿ ಕೊಟ್ಟರೆ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರಬಹುದು. ನಿಮ್ಮ ಡಾಕ್ಟರ್ ಎಷ್ಟು ಲೀಟರ್ ಬರೆದಿದ್ದಾರೋ ಅಷ್ಟಕ್ಕೇ ಇಡಿ. ನಾಳೆ ಬೆಳಿಗ್ಗೆಯೇ ಅವರಿಗೆ ಫೋನ್ ಮಾಡಿ.

ಮಂಡ್ಯದ ರಾಗಿಮುದ್ದೆ · ಮಂಗಳವಾರ ರಾತ್ರಿ 10:15

ಎಲ್ಲ ಓದಿದೆ. ಎಲ್ಲರಿಗೂ ಸ್ಕ್ಯಾನ್ ಎಂಬ ಮಾತನ್ನು ನಾನು ಪೂರ್ತಿ ಬಿಟ್ಟಿಲ್ಲ. ಆದರೆ ಒಂದು ಒಪ್ಪುತ್ತೇನೆ. ಅಪ್ಪನ ಕಾಲನ್ನು ಯಾರೂ ನೋಡಲಿಲ್ಲ. ಡಾಕ್ಟರೂ ನೋಡಲಿಲ್ಲ, ನಾನೂ ನೋಡಲಿಲ್ಲ. ನಾಲ್ಕು ದಿನ ಕಾಲ ಬುಡದಲ್ಲೇ ಕೂತಿದ್ದೆ.

ನಂಜನಗೂಡು ರಸಬಾಳೆ · ಮಂಗಳವಾರ ರಾತ್ರಿ 10:22

ಹಾಗೆಲ್ಲ ಅಂದುಕೊಳ್ಳಬೇಡಿ ಅಣ್ಣ. ನಾಲ್ಕು ದಿನ ಅಪ್ಪನ ಜೊತೆಗಿದ್ದಿರಿ.

ತುಂಗಾತೀರ · ಬುಧವಾರ ಬೆಳಿಗ್ಗೆ 7:45

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇನ್ನೊಂದೇ ಪ್ರಶ್ನೆ. ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು ಎಂದಿದ್ದಾರೆ. ಅಮ್ಮ ಏಕಾದಶಿ ಉಪವಾಸ ಮಾಡುತ್ತಾರೆ, ಶನಿವಾರ ಒಪ್ಪೊತ್ತು. ಹೋದ ಶನಿವಾರ ರಾತ್ರಿ ಬರೀ ಹಾಲು ಕುಡಿದು ಮಾತ್ರೆ ನುಂಗಿದ್ದಾರೆ. ಬೇಡ ಅಂದರೆ ಕೇಳುವುದಿಲ್ಲ.

ಹುಬ್ಬಳ್ಳಿ ಎದೆ ಡಾಕ್ಟರ್ · ಬುಧವಾರ ಬೆಳಿಗ್ಗೆ 8:05

ರಿವರಾಕ್ಸಾಬಾನ್ 15, 20 ಮಿಲಿಗ್ರಾಂ ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಮೈಗೆ ಸೇರುವುದಿಲ್ಲ. ದಿನದ ದೊಡ್ಡ ಊಟದ ಜೊತೆಗೇ ಬೇಕು. ಶನಿವಾರ ಮಧ್ಯಾಹ್ನವೇ ಊಟ ಮಾಡುವುದಾದರೆ, ದಿನಾ ಮಧ್ಯಾಹ್ನದ ಊಟಕ್ಕೇ ಮಾತ್ರೆಯ ಹೊತ್ತು ಬದಲಾಯಿಸಬಹುದಾ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಎಪಿಕ್ಸಾಬಾನ್ ಎಂಬ ಇನ್ನೊಂದು ಮಾತ್ರೆಗೆ ಊಟದ ಕಟ್ಟು ಇಲ್ಲ, ಅದನ್ನೂ ಕೇಳಿ ನೋಡಿ.

ನಂಜನಗೂಡು ರಸಬಾಳೆ · ಬುಧವಾರ ಬೆಳಿಗ್ಗೆ 8:20

ಏಕಾದಶಿಗೆ ಅವಲಕ್ಕಿ ಮೊಸರು, ಬಾಳೆಹಣ್ಣು ಹೊಟ್ಟೆ ತುಂಬ ಕೊಡಿ. ಫಲಾಹಾರ ಅಂದರೆ ಒಪ್ಪುತ್ತಾರೆ. ನಮ್ಮ ಅತ್ತೆಯನ್ನು ಹೀಗೇ ಒಪ್ಪಿಸಿದ್ದು.

ತುಂಗಾತೀರ · ಬುಧವಾರ ಮಧ್ಯಾಹ್ನ 1:50

ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಮಧ್ಯಾಹ್ನಕ್ಕೆ ಬದಲಾಯಿಸಿ ಎಂದು ಹೇಗೆ ಮಾಡಬೇಕೆಂದು ಹೇಳಿಕೊಟ್ಟರು. ಅವಲಕ್ಕಿಗೆ ಅಮ್ಮ ಒಪ್ಪಿದರು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಪಾದ ಆಡಿಸುವುದನ್ನು ಎಣಿಸುತ್ತಿದ್ದಾರೆ, ಫೋನಿನಲ್ಲಿ ಕೇಳಿಸುತ್ತಿತ್ತು. ಹದಿನೇಳು, ಹದಿನೆಂಟು.